ಅರ್ಧ ಕಿಲೋ ಮಾಂಸ, ಒಂದು ಕಿಲೋ ಬಟಾಟೆ

ಅಧ್ಯಾಪಕನಾದವನು ತರಗತಿಯಲ್ಲಿ ಆಡಿದ ಮಾತು ತರಗತಿಯಲ್ಲಿಯೇ ಉಳಿಯುವುದಿಲ್ಲ. ಅದು ಮಕ್ಕಳ ಪುಸ್ತಕದ ಚೀಲದೊಡನೆ ಮನೆಗೆ ಹೋಗುತ್ತದೆ. ಅಂಗಳ ದಾಟಿ ಅಡುಗೆಮನೆಯನ್ನು ಹೊಗುತ್ತದೆ. ಕೆಲವೊಮ್ಮೆ ಒಲೆಯ ಮೇಲಿನ ಪಾತ್ರೆಯೊಳಕ್ಕೂ ಇಣುಕುತ್ತದೆ. ಮೂವತ್ತು ವರ್ಷಗಳ ಹಿಂದೆ ಶಿಕ್ಷಕ ತರಬೇತಿ ಪಡೆಯುವಾಗ ಈ ಸತ್ಯವನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಅದನ್ನು ಕಲಿಸಿದವರು ಬೀಡಿ ಕಟ್ಟಿ ಮನೆ ನಡೆಸುತ್ತಿದ್ದ ಒಬ್ಬ ತಾಯಿ. ಆ ಪಾಠವನ್ನೂ ಅದರೊಡನೆ ಕಲಿತ ಒಂದು ಅಡುಗೆಯನ್ನೂ ಈ ತಿಂಗಳು ವಾಚಕರ ಮುಂದಿಡಬೇಕೆಂದಿದ್ದೇನೆ.

ಏಳೆಂಟು ವರ್ಷಗಳ ಹಿಂದಿನ ಮಾತು. ನಮ್ಮದು ಕಾಸರಗೋಡು ಜಿಲ್ಲೆಯ ಒಂದು ಸಣ್ಣ ಕನ್ನಡ ಶಾಲೆ. ನಾಲ್ಕನೆಯ ತರಗತಿಯಲ್ಲಿ ಆರೋಗ್ಯದ ಪಾಠ ನಡೆಯುತ್ತಿತ್ತು. ಹೊಟ್ಟೆಯ ಹುಳುಗಳ ವಿಷಯ ಬಂದಾಗ ನಾನು, ತರಬೇತಿಯ ಕಾಲದಲ್ಲಿ ಗೋಡೆಯ ಚಿತ್ರಪಟದಲ್ಲಿ ನೋಡಿದ್ದನ್ನು ನೆನಪಿಸಿಕೊಂಡು, "ಹಂದಿಯ ಮಾಂಸ ತಿಂದವರ ಹೊಟ್ಟೆಯಲ್ಲಿ ಲಾಡಿಹುಳು ಬೆಳೆಯುತ್ತದೆ, ಅದರ ಮರಿಗಳು ತಲೆಗೇರಿದರೆ ಅಪಸ್ಮಾರ ಬರುತ್ತದೆ" ಎಂದುಬಿಟ್ಟೆ. ಮಕ್ಕಳು ಮುಖ ಕಿವಿಚಿ ನಕ್ಕರು. ಕೆಲವರು ಹಿಂದಿನ ಬೆಂಚಿನ ಒಬ್ಬ ಹುಡುಗನ ಕಡೆಗೆ ತಿರುಗಿ ನೋಡಿದರು. ಗಂಟೆ ಬಾರಿಸಿತು, ನಾನು ಪುಸ್ತಕ ಮುಚ್ಚಿದೆ.

ಮುಂದಿನ ವಾರ ಆ ಹುಡುಗನ ತಾಯಿ ಶಾಲೆಗೆ ಬಂದರು. ನಮ್ಮೂರಿನಲ್ಲಿ ಕ್ರೈಸ್ತ ಮನೆಯ ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು ರೂಢಿ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯಲ್ಲಿ ವಯಸ್ಸಾದ ಅತ್ತೆ, ಇಬ್ಬರು ಮಕ್ಕಳು. ಬಾಗಿಲ ಬಳಿಯೇ ನಿಂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ತುಳುವಿನಲ್ಲಿ ಅವರು ಹೇಳಿದ ಮಾತಿನ ಸಾರ ಇಷ್ಟು: "ಮಾಷ್ಟ್ರೇ, ಮಗ ಆದಿತ್ಯವಾರ ಊಟಕ್ಕೆ ಕುಳಿತುಕೊಳ್ಳಲಿಲ್ಲ. ನಮ್ಮ ಮನೆಯಲ್ಲಿ ವಾರಕ್ಕೆ ಒಂದು ದಿನ ಮಾತ್ರ ಮಾಂಸ. ಶನಿವಾರ ಬೀಡಿಯ ಮಜೂರಿ ಸಿಕ್ಕಿದರೆ ಆದಿತ್ಯವಾರ ಅರ್ಧ ಕಿಲೋ ತರುತ್ತೇನೆ. 'ನೀವು ನನಗೆ ರೋಗ ತಿನ್ನಿಸುತ್ತೀರಿ' ಎಂದು ಹೇಳಿ ಎದ್ದುಹೋದ. ನಾನು ಇಷ್ಟು ದಿನ ಮಕ್ಕಳಿಗೆ ಕೊಟ್ಟದ್ದು ರೋಗವೇ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಅವರು ನಿಜವಾಗಿಯೇ ಉತ್ತರ ಬೇಕೆಂದು ಕೇಳಿದ್ದರು. ನನಗೆ ಉತ್ತರ ಗೊತ್ತಿರಲಿಲ್ಲ. "ವಿಚಾರಿಸಿ ಹೇಳುತ್ತೇನೆ ಬಾಯಮ್ಮಾ" ಎಂದೆ. ಕಲಿಸಿದ ಮೇಲೆ ವಿಚಾರಿಸಲು ಹೊರಟ ಉಪಾಧ್ಯಾಯನ ನಾಚಿಕೆ ಎಂತಹದೆಂಬುದು ಆ ದಿನ ತಿಳಿಯಿತು.

ಅಂದೇ ಸಂಜೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಂಡೆ. ಅವರು ತಾಳ್ಮೆಯಿಂದ ವಿವರಿಸಿದ್ದನ್ನು ನನಗೆ ಅರ್ಥವಾದಂತೆ ಇಲ್ಲಿ ಬರೆಯುತ್ತೇನೆ; ಏಕೆಂದರೆ ನನ್ನಂತೆ ಅರ್ಧ ತಿಳಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಹಂದಿಯ ಮಾಂಸದಲ್ಲಿ ಲಾಡಿಹುಳುವಿನ ಮರಿಗಳು ಸಣ್ಣ ಗುಳ್ಳೆಗಳ ರೂಪದಲ್ಲಿ ಇರಬಹುದು. ಅಂತಹ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದರೆ ಮನುಷ್ಯನ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಇದು ಒಂದು ಮಾತು. ಆದರೆ ಮಿದುಳಿನಲ್ಲಿ ಗುಳ್ಳೆಯಾಗಿ ಅಪಸ್ಮಾರಕ್ಕೆ ಕಾರಣವಾಗುವುದು ಬೇರೆಯೇ ದಾರಿಯಿಂದ. ಹೊಟ್ಟೆಯಲ್ಲಿ ಹುಳು ಇರುವ ಮನುಷ್ಯನ ಮಲದಲ್ಲಿ ಅದರ ಮೊಟ್ಟೆಗಳು ಹೊರಬೀಳುತ್ತವೆ. ಬಯಲಿನ ಮಲ, ಕೊಳೆತ ನೀರು, ತೊಳೆಯದ ಸೊಪ್ಪು, ಸಾಬೂನು ಕಾಣದ ಕೈ ಇವುಗಳ ಮೂಲಕ ಆ ಮೊಟ್ಟೆಗಳು ಇನ್ನೊಬ್ಬರ ಬಾಯಿಗೆ ಬಂದರೆ ಆಗ ಮಿದುಳಿಗೆ ಅಪಾಯ. ಆದುದರಿಂದಲೇ ಜೀವಮಾನದಲ್ಲಿ ಮಾಂಸವನ್ನೇ ಮುಟ್ಟದವರಿಗೂ ಈ ರೋಗ ಬರುವುದುಂಟು. ಹಂದಿಗೂ ರೋಗ ಹತ್ತುವುದು ಮನುಷ್ಯನ ಮಲದಿಂದಲೇ. ಗೂಡಿನಲ್ಲಿ ಕಟ್ಟಿ, ಶುಚಿಯಾದ ಆಹಾರ ಕೊಟ್ಟು ಸಾಕಿದ ಹಂದಿಗೆ ಈ ಭಯ ಅತ್ಯಲ್ಪ. ಇನ್ನು ಬೇಯಿಸುವ ಮಾತು: ಮಾಂಸದ ಒಳಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಹುಳುವಿನ ಮರಿ ಬದುಕುವುದಿಲ್ಲ. ನಮ್ಮ ಮನೆಗಳಲ್ಲಿ ಮುಕ್ಕಾಲು ಗಂಟೆ ಕುದಿಯುವ ಸಾರಿನಲ್ಲಿ ಅದು ಉಳಿಯುವುದೆಲ್ಲಿ ಬಂತು?

ಮರುದಿನ ಅದೇ ತರಗತಿಯಲ್ಲಿ ನಿಂತು, "ನಾನು ಕಳೆದ ವಾರ ಅರ್ಧ ಪಾಠ ಮಾಡಿದೆ, ಉಳಿದರ್ಧ ಇವತ್ತು" ಎಂದು ಆರಂಭಿಸಿದೆ. ಕೈ ತೊಳೆಯುವ ಪಾಠ ಎಲ್ಲ ಮಕ್ಕಳ ಪಾಠವಾಯಿತು. ಈ ಬಾರಿ ಯಾರೂ ಹಿಂದಿನ ಬೆಂಚಿಗೆ ತಿರುಗಿ ನೋಡಲಿಲ್ಲ. ಆದರೆ ಮಾತಿನಿಂದ ಕೆಡಿಸಿದ್ದನ್ನು ಮಾತಿನಿಂದಷ್ಟೇ ಸರಿಪಡಿಸಲಾಗದು ಎಂದು ನನಗೆ ಅನ್ನಿಸಿತು. ಶನಿವಾರ ಸಂಜೆ ಹುಡುಗನ ಬಳಿ, "ನಾಳೆ ನಿಮ್ಮ ಮನೆಗೆ ಊಟಕ್ಕೆ ಬರುತ್ತೇನೆಂದು ಅಮ್ಮನಿಗೆ ಹೇಳು" ಎಂದೆ.

ಇಲ್ಲಿ ನನ್ನ ಮನೆಯ ಸಂಗತಿಯನ್ನೂ ಮುಚ್ಚಿಡಬಾರದು. ನಮ್ಮದು ಮೀನು, ಕೋಳಿ ತಿನ್ನುವ ಮನೆ. ಹಂದಿಮಾಂಸವೂ ವರ್ಷಕ್ಕೆ ಒಂದೆರಡು ಸಲ ಬರುತ್ತಿತ್ತು. ಆದರೆ ಒಳಮನೆಗೆ ಬರುತ್ತಿರಲಿಲ್ಲ. ತಂದೆಯವರು ಹಟ್ಟಿಯ ಹಿಂದೆ ಮೂರು ಕಲ್ಲು ಹೂಡಿ, ಅದಕ್ಕೆಂದೇ ಇಟ್ಟ ಪಾತ್ರೆಯಲ್ಲಿ ಬೇಯಿಸುತ್ತಿದ್ದರು. ಬಾಳೆಲೆಯಲ್ಲಿ ತಿಂದು, ಕೈ ಬಾಯಿ ತೊಳೆದು ಒಳಗೆ ಬರಬೇಕು. ಯಾರಾದರೂ ಕೇಳಿದರೆ ಕೋಳಿ ಎನ್ನಬೇಕು. ತಿನ್ನುವುದಕ್ಕೆ ನಾಚಿಕೆಯಿಲ್ಲ, ಹೇಳುವುದಕ್ಕೆ ನಾಚಿಕೆ! ನಾನು ತರಗತಿಯಲ್ಲಿ ಅಷ್ಟು ಸಲೀಸಾಗಿ ಆ ಮಾತನ್ನಾಡಿದ್ದಕ್ಕೆ ಬಾಲ್ಯದ ಈ ಅಭ್ಯಾಸವೂ ಕಾರಣವಾಗಿದ್ದಿರಬೇಕು.

ಆದಿತ್ಯವಾರ ಬೆಳಗ್ಗೆ ಇಗರ್ಜಿಯ ಪೂಜೆ ಮುಗಿಸಿ ಬಂದ ಬಾಯಮ್ಮ ಅಡುಗೆಗೆ ತೊಡಗಿದ್ದರು. ನಾನು ಬೇಗನೆ ಹೋಗಿ ಅಡುಗೆಮನೆಯ ಹೊಸ್ತಿಲ ಬಳಿ ಮಣೆ ಹಾಕಿಸಿಕೊಂಡು ಕುಳಿತೆ. "ಮಾಷ್ಟ್ರಿಗೆ ಹೊಗೆ" ಎಂದು ಮುದುಕಿ ಸಂಕೋಚಪಟ್ಟರು. "ಇವತ್ತು ನಾನು ವಿದ್ಯಾರ್ಥಿ" ಎಂದೆ. ಆ ದಿನ ಕಂಡದ್ದನ್ನು, ಆಮೇಲೆ ನನ್ನ ಮನೆಯ ಒಲೆಯಲ್ಲಿ ಹಲವು ಸಲ ಮಾಡಿ ಖಚಿತಪಡಿಸಿಕೊಂಡದ್ದನ್ನು, ಅಳತೆಯೊಂದಿಗೆ ಬರೆಯುತ್ತೇನೆ.

ಐದು ಜನರಿಗೆ ಅರ್ಧ ಕಿಲೋ ಮಾಂಸ, ಒಂದು ಕಿಲೋ ಬಟಾಟೆ. ಮಾಂಸ ಕೊಳ್ಳುವಾಗ ಬರಿಯ ಕೆಂಪು ಭಾಗವನ್ನೇ ಆರಿಸಬೇಕಾಗಿಲ್ಲ. ಚರ್ಮ, ಕೊಬ್ಬು, ಮಾಂಸ ಮೂರೂ ಕೂಡಿದ ತುಂಡೇ ಈ ಅಡುಗೆಗೆ ಉತ್ತಮ. ತುಂಡಿನಲ್ಲಿ ಅಕ್ಕಿಕಾಳಿನಂತಹ ಬಿಳಿಯ ಗುಳ್ಳೆಗಳು ಕಂಡರೆ ಮಾತ್ರ ಎಷ್ಟು ಅಗ್ಗವಾದರೂ ಕೊಳ್ಳಬಾರದು. ಮಾಂಸವನ್ನು ತೊಳೆದು ಒಂದೂವರೆ ಅಂಗುಲದ ತುಂಡುಗಳಾಗಿ ಮಾಡಬೇಕು. ಮಾಂಸ ಕೊಯ್ದ ಮಣೆ ಕತ್ತಿಗಳನ್ನು ತೊಳೆಯದೆ ಅದರಲ್ಲಿಯೇ ತರಕಾರಿ ಕೊಯ್ಯಬಾರದು.

ಮಸಾಲೆಗೆ ಕ್ರೈಸ್ತ ಮನೆಗಳಲ್ಲಿ ಬಫಾತ್ ಪುಡಿ ಎನ್ನುತ್ತಾರೆ. ಹತ್ತು ಬ್ಯಾಡಗಿ ಮೆಣಸು, ಎರಡು ದೊಡ್ಡ ಚಮಚ ಕೊತ್ತಂಬರಿ, ಒಂದೊಂದು ಸಣ್ಣ ಚಮಚ ಜೀರಿಗೆ ಮತ್ತು ಒಳ್ಳೆಮೆಣಸು, ನಾಲ್ಕು ಲವಂಗ, ಒಂದು ಅಂಗುಲ ದಾಲ್ಚೀನಿ ಇವನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಹುರಿದು, ಅರ್ಧ ಚಮಚ ಅರಸಿನ ಸೇರಿಸಿ ಪುಡಿಮಾಡಿದರೆ ಅರ್ಧ ಕಿಲೋ ಮಾಂಸಕ್ಕೆ ಸಾಕು. ಬ್ಯಾಡಗಿ ಮೆಣಸು ಬಣ್ಣ ಕೊಡುತ್ತದೆ, ಹೆಚ್ಚು ಖಾರ ಕೊಡುವುದಿಲ್ಲ; ಆದುದರಿಂದ ಮಕ್ಕಳೂ ಉಣ್ಣಬಹುದು.

ಮಾಂಸಕ್ಕೆ ಈ ಪುಡಿ, ಉಪ್ಪು, ಎರಡು ಅಂಗುಲ ಶುಂಠಿ, ಒಂದು ಇಡೀ ಗೆಡ್ಡೆ ಬೆಳ್ಳುಳ್ಳಿಯನ್ನು ಜಜ್ಜಿ ಹಚ್ಚಿ, ಎರಡು ದೊಡ್ಡ ಚಮಚ ವಿನೆಗರ್ ಬೆರೆಸಿ ಅರ್ಧ ಗಂಟೆ ಮುಚ್ಚಿಡಬೇಕು. ವಿನೆಗರ್ ಇಲ್ಲದ ಮನೆಯಲ್ಲಿ ಸಣ್ಣ ಲಿಂಬೆ ಗಾತ್ರದ ಹುಣಸೆಹುಳಿಯ ರಸ ಆದೀತು. ವಯನಾಡಿನ ನಮ್ಮ ವಾಚಕರಿಗೆ ನೆರೆಯ ಕೊಡಗಿನ ಕಾಚಂಪುಳಿ ಸಿಗುತ್ತದೆ. ಅದರ ಗಾಢವಾದ ಹುಳಿ ಒಂದು ಸಣ್ಣ ಚಮಚ ಸಾಕು.

ಇನ್ನು ಒಲೆ. ಬಾಯಮ್ಮ ಮಣ್ಣಿನ ಪಾತ್ರೆಯನ್ನು ಗೆರಟೆಯ ಸಣ್ಣ ಉರಿಯ ಮೇಲಿಟ್ಟು, ಕೊಬ್ಬಿನ ತುಂಡುಗಳನ್ನು ಅಡಿಯಲ್ಲಿ ಹರಡಿ, ಉಳಿದ ಮಾಂಸವನ್ನು ಮೇಲೆ ಹಾಕಿ ಮುಚ್ಚಿದರು. ಎಣ್ಣೆಯ ಡಬ್ಬಿಯನ್ನು ಮುಟ್ಟಲೇ ಇಲ್ಲ. "ಎಣ್ಣೆ ಬೇಡವೇ?" ಎಂದೆ. "ಹಂದಿ ತನ್ನ ಎಣ್ಣೆಯನ್ನು ತಾನೇ ತರುತ್ತದೆ, ಮಾಷ್ಟ್ರೇ" ಎಂದು ಮುದುಕಿ ನಕ್ಕರು. ನಿಜ, ಹತ್ತು ನಿಮಿಷದಲ್ಲಿ ಮಾಂಸ ತನ್ನದೇ ನೀರನ್ನೂ ನೆಣವನ್ನೂ ಬಿಟ್ಟುಕೊಂಡಿತ್ತು. ಆಗ ಹೆಚ್ಚಿದ ಮೂರು ನೀರುಳ್ಳಿ, ನಾಲ್ಕು ಸೀಳಿದ ಹಸಿಮೆಣಸು, ಎರಡು ಲೋಟ ಬಿಸಿನೀರು ಹಾಕಿ, ಮುಚ್ಚಿ, ಮುಕ್ಕಾಲು ಗಂಟೆ ಮಂದವಾಗಿ ಕುದಿಯಲು ಬಿಟ್ಟರು. ಅವಸರವೊಂದೇ ಈ ಅಡುಗೆಗೆ ಶತ್ರು. ದೊಡ್ಡ ಉರಿಯಲ್ಲಿ ಮಾಂಸ ಹೊರಗೆ ಗಟ್ಟಿಯಾಗಿ ನಾರುನಾರಾಗುತ್ತದೆ. ಸಣ್ಣ ಉರಿಯಲ್ಲಿ ಚರ್ಮ ಮೆತ್ತಗಾಗಿ ಸಾರಿಗೆ ಅಂಟಂಟಾದ ಹದ ಬರುತ್ತದೆ. ಪ್ರೆಶರ್ ಕುಕ್ಕರ್ ಇದ್ದವರು ಅನಿಲ ಉಳಿಸಲು ನಾಲ್ಕೈದು ಸೀಟಿ ಕೂಗಿಸಿ, ಕೊನೆಯ ಕಾಲು ಗಂಟೆ ಮುಚ್ಚಳ ತೆಗೆದು ಕುದಿಸಿದರೂ ನಡೆಯುತ್ತದೆ.

ಬಟಾಟೆಯ ವಿಷಯದಲ್ಲಿ ನಾನು ಮೊದಲ ಸಲ ಮನೆಯಲ್ಲಿ ಮಾಡಿದಾಗ ಸೋತೆ. ಮಾಂಸದೊಡನೆ ಆರಂಭದಲ್ಲಿಯೇ ಹಾಕಿದ್ದೆ. ಒಂದು ಗಂಟೆ ಕುದಿದರೂ ಹೋಳುಗಳು ಕಟುಕಟು ಎನ್ನುತ್ತಿದ್ದವು. ಕಾರಣ ಹುಳಿ. ಹುಳಿಯಿರುವ ಸಾರಿನಲ್ಲಿ ಬಟಾಟೆ ಬೇಗ ಮೆತ್ತಗಾಗುವುದಿಲ್ಲ. ಬಾಯಮ್ಮನ ಕ್ರಮವೇ ಸರಿಯಾದುದು: ಬಟಾಟೆಯ ಸಿಪ್ಪೆ ತೆಗೆದು, ಒಂದೊಂದನ್ನು ನಾಲ್ಕು ದೊಡ್ಡ ಹೋಳು ಮಾಡಿ, ಬೇರೆ ಪಾತ್ರೆಯಲ್ಲಿ ಉಪ್ಪುನೀರಿನಲ್ಲಿ ಮುಕ್ಕಾಲು ಪಾಲು ಬೇಯಿಸಿ, ಮಾಂಸ ಬೆಂದ ಮೇಲೆ ಸಾರಿಗೆ ಇಳಿಸಿ ಕಾಲು ಗಂಟೆ ಕುದಿಸಬೇಕು. ಆಗ ಹೋಳು ಒಡೆಯದೆ ನೆಣವನ್ನೂ ಮಸಾಲೆಯನ್ನೂ ಹೀರಿಕೊಳ್ಳುತ್ತದೆ. ಒಂದೆರಡು ಹೋಳನ್ನು ಸೌಟಿನಿಂದ ಅದುಮಿದರೆ ಸಾರು ತಾನಾಗಿಯೇ ದಪ್ಪವಾಗುತ್ತದೆ. ತೆಂಗಿನಕಾಯಿ ಅರೆಯುವ ಖರ್ಚೂ ಉಳಿಯಿತು. ಹಸಿರುಬಣ್ಣಕ್ಕೆ ತಿರುಗಿದ, ಮೊಳಕೆಯೊಡೆದ ಬಟಾಟೆಯನ್ನು ಅಗ್ಗಕ್ಕೆ ಸಿಕ್ಕಿತೆಂದು ತರಬಾರದು. ಅದರಲ್ಲಿರುವ ವಿಷಾಂಶ ಬೇಯಿಸಿದರೂ ಹೋಗುವುದಿಲ್ಲ.

ಬಟಾಟೆ ಎಂಬ ಹೆಸರನ್ನು ಬರೆಯುವಾಗ ಮೇಷ್ಟ್ರ ಅಭ್ಯಾಸದಂತೆ ಒಂದು ಮಾತು ಸೇರಿಸುವ ಆಸೆ. ಘಟ್ಟದ ಮೇಲಿನವರು ಆಲೂಗಡ್ಡೆ ಎನ್ನುತ್ತಾರೆ. ಕರಾವಳಿಯ ನಾವೂ ಗೋವೆಯವರೂ ಬಟಾಟೆ ಎನ್ನುತ್ತೇವೆ. ಅದು ಪೋರ್ಚುಗೀಸರ ಮಾತು. ದಕ್ಷಿಣ ಅಮೆರಿಕದ ಪರ್ವತಪ್ರದೇಶದ ಈ ಗೆಡ್ಡೆಯೂ, ನಮ್ಮದೇ ಎಂದು ನಾವು ತಿಳಿದಿರುವ ಮೆಣಸಿನಕಾಯಿಯೂ ಕಡಲು ದಾಟಿ ಬಂದವು. ಗೋವೆಯ ವಿಂದಾಲು ಎಂಬ ಹಂದಿಮಾಂಸದ ಅಡುಗೆಯ ಹೆಸರಿನಲ್ಲಿ 'ಆಲೂ' ಇದೆಯೆಂದು ಅದಕ್ಕೆ ಬಟಾಟೆ ಹಾಕುವವರು ಅನೇಕರಿದ್ದಾರೆ. ವಾಸ್ತವದಲ್ಲಿ ಆ ಹೆಸರು ಹುಟ್ಟಿದ್ದು ದ್ರಾಕ್ಷಾರಸ ಮತ್ತು ಬೆಳ್ಳುಳ್ಳಿ ಎಂಬ ಅರ್ಥದ ಪೋರ್ಚುಗೀಸ್ ಪದಗಳಿಂದ. ಅಲ್ಲಿ ಬಟಾಟೆಯ ಸುಳಿವೇ ಇಲ್ಲ. ಆದರೂ ತಪ್ಪು ಕೇಳಿಸಿಕೊಂಡವರು ಒಳ್ಳೆಯದನ್ನೇ ಮಾಡಿದರೆಂದು ನನ್ನ ಅಭಿಪ್ರಾಯ. ಎಲ್ಲ ತಪ್ಪುಗಳಿಗೂ ಅಂತಹ ಭಾಗ್ಯವಿರುವುದಿಲ್ಲ.

ಊಟಕ್ಕೆ ಕುಳಿತೆವು. ಕುಚ್ಚಲಕ್ಕಿಯ ಅನ್ನ, ಮಧ್ಯದಲ್ಲಿ ಮಣ್ಣಿನ ಪಾತ್ರೆ. ಲೆಕ್ಕದ ಮೇಷ್ಟ್ರಾದ ನಾನು ಮನಸ್ಸಿನಲ್ಲಿಯೇ ಭಾಗಿಸಿದೆ: ಒಬ್ಬೊಬ್ಬರಿಗೆ ನೂರು ಗ್ರಾಂ ಮಾಂಸ, ಇನ್ನೂರು ಗ್ರಾಂ ಬಟಾಟೆ. ಬಾಯಮ್ಮ ಬಡಿಸಿದ ಕ್ರಮ ನನ್ನ ಭಾಗಾಕಾರದಂತೆ ಇರಲಿಲ್ಲ. ಮೊದಲು ಎಲ್ಲರ ತಟ್ಟೆಗೂ ಬಟಾಟೆ, ಸಾರು; ಆಮೇಲೆ ಮಕ್ಕಳಿಗೂ ನನಗೂ ಮಾಂಸ; ಮುದುಕಿಗೆ ಮೆತ್ತಗಿನ ಎರಡು ತುಂಡು; ತಮ್ಮ ತಟ್ಟೆಗೆ ಬಟಾಟೆಯೊಂದೇ. ನಾನು ನೋಡುತ್ತಿರುವುದು ಕಂಡು ಅವರೆಂದರು: "ಮಾಂಸ ಹೆಸರಿಗೆ ಮಾಷ್ಟ್ರೇ, ಬಟಾಟೆ ಹೊಟ್ಟೆಗೆ. ರುಚಿ ಎರಡಕ್ಕೂ ಒಂದೇ."

ಹುಡುಗ ತಟ್ಟೆಯ ಮುಂದೆ ತಲೆತಗ್ಗಿಸಿ ಕುಳಿತಿದ್ದ. ನಾನು ಏನನ್ನೂ ಹೇಳಲಿಲ್ಲ. ಒಂದು ತುಂಡು ಮಾಂಸವನ್ನು ಅನ್ನದೊಡನೆ ಕಲಸಿ ಬಾಯಿಗಿಟ್ಟೆ. ಅದು ಅವನಿಗೆ ತೋರಿಸಲೆಂದು ತಿಂದದ್ದು ಹೌದು. ಎರಡನೆಯ ತುಂಡು ಮಾತ್ರ ನನಗಾಗಿಯೇ ತಿಂದೆ. ಅವನು ಮೊದಲು ಬಟಾಟೆ ತಿಂದ. ಸ್ವಲ್ಪ ಹೊತ್ತಿನ ಮೇಲೆ ತನ್ನ ತಟ್ಟೆಯಿಂದ ಒಂದು ಮಾಂಸದ ತುಂಡನ್ನು ಎತ್ತಿ ತಾಯಿಯ ತಟ್ಟೆಗೆ ಹಾಕಿದ. "ನೀನು ತಿನ್ನು" ಎಂದು ಅವರು ಹಿಂದಕ್ಕೆ ಹಾಕಹೋದರು. "ನೀವೂ ತಿನ್ನಿ, ನಾನೂ ತಿನ್ನುತ್ತೇನೆ" ಎಂದ. ಇಬ್ಬರೂ ತಿಂದರು.

ಈ ಊಟದ ಗುಣದೋಷಗಳನ್ನು ಕುರಿತು ಎರಡು ಮಾತು. ಹಂದಿಮಾಂಸದಲ್ಲಿ ಒಳ್ಳೆಯ ಸಸಾರಜನಕವಿದೆ. ಬಿ-1 ಜೀವಸತ್ವವೂ ಧಾರಾಳವಾಗಿದೆ. ಬಟಾಟೆ ಹೊಟ್ಟೆ ತುಂಬುವುದರೊಡನೆ ಸಿ ಜೀವಸತ್ವವನ್ನೂ ಕೊಡುತ್ತದೆ. ಆದರೆ ಕೊಬ್ಬು ಕೊಬ್ಬೇ. ಹೃದ್ರೋಗವೋ ರಕ್ತದೊತ್ತಡವೋ ಇರುವ ಹಿರಿಯರಿಗೆ, ಸಾರು ತಣಿದ ಮೇಲೆ ಮೇಲೆ ಕಟ್ಟಿದ ಬಿಳಿಯ ನೆಣವನ್ನು ತೆಗೆದು, ಬಿಸಿಮಾಡಿ ಬಡಿಸಬೇಕು, ಉಪ್ಪನ್ನೂ ಹಿಡಿತದಲ್ಲಿಡಬೇಕು. ಮಧುಮೇಹದವರು ಬಟಾಟೆ ಉಂಡ ದಿನ ಅನ್ನ ಕಡಿಮೆ ಮಾಡುವುದು ಲೇಸು. ಈ ಸಾರು ಮರುದಿನ ಇನ್ನೂ ರುಚಿ ಎನ್ನುವುದು ನಿಜ. ಆದರೆ ಆರಿದೊಡನೆ ತಂಪುಪೆಟ್ಟಿಗೆಯಲ್ಲಿಟ್ಟು, ಮತ್ತೆ ಚೆನ್ನಾಗಿ ಕುದಿಸಿಯೇ ಬಡಿಸಬೇಕು.

2022ರ ಜುಲೈಯಲ್ಲಿ ವಯನಾಡಿನ ಮಾನಂದವಾಡಿ ಭಾಗದಲ್ಲಿ ಆಫ್ರಿಕನ್ ಹಂದಿಜ್ವರ ಕಾಣಿಸಿಕೊಂಡು, ಸಾಕಿದ ನೂರಾರು ಹಂದಿಗಳನ್ನು ಕೊಲ್ಲಬೇಕಾಯಿತು. ಮಾಂಸ ತಿಂದವರಿಗೂ ಜ್ವರ ಬರುವುದೆಂಬ ಮಾತು ಆಗ ಊರೂರಿಗೆ ಹರಡಿತು. ಆ ರೋಗ ಹಂದಿಗಳಿಗೆ ಮಾರಕ, ಮನುಷ್ಯರಿಗೆ ಹರಡುವುದಿಲ್ಲ. ಸಾಲ ಮಾಡಿ ಗೂಡು ಕಟ್ಟಿದ ಸಾಕಣೆಗಾರನಿಗೆ ಹಂದಿಗಳು ಹೋದದ್ದು ಒಂದು ನಷ್ಟ, ಅರ್ಧ ತಿಳಿದವರ ಮಾತಿನಿಂದ ವ್ಯಾಪಾರ ಹೋದದ್ದು ಇನ್ನೊಂದು. ಓದಿದಾಗ ನನಗೆ ನನ್ನದೇ ತರಗತಿಯ ನೆನಪಾಯಿತು.

ಇದನ್ನು ಎಲ್ಲರೂ ತಿನ್ನಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ವಾಚಕರಲ್ಲಿ ಮಾಂಸವನ್ನೇ ಮುಟ್ಟದವರಿದ್ದಾರೆ. ಧರ್ಮದ ಕಾರಣದಿಂದ ಹಂದಿಯನ್ನು ವರ್ಜಿಸಿದವರಿದ್ದಾರೆ. ಅವರ ನಿಯಮ ಅವರಿಗೆ ಗೌರವದ್ದು, ನಮಗೂ ಗೌರವದ್ದು. ಅಂತಹವರು ಇದೇ ಮಸಾಲೆಯಲ್ಲಿ, ಒಂದೆರಡು ಚಮಚ ತೆಂಗಿನೆಣ್ಣೆ ಬಳಸಿ, ನೆನೆಸಿ ಬೇಯಿಸಿದ ಕಡಲೆಯನ್ನೋ ಎಳೆಯ ಗುಜ್ಜೆಯನ್ನೋ ಬಟಾಟೆಯೊಡನೆ ಮಾಡಿ ನೋಡಬಹುದು. ನಾನು ಹೇಳುವುದಿಷ್ಟೇ: ತಾನು ಉಣ್ಣದ್ದನ್ನು ಉಣ್ಣುವವನ ಮಗು ತನ್ನ ತಾಯಿಯ ಅಡುಗೆಯ ಮುಂದೆ ತಲೆತಗ್ಗಿಸುವಂತೆ ಯಾರೂ ಮಾಡಬಾರದು, ಮೇಷ್ಟ್ರಂತೂ ಮಾಡಲೇಬಾರದು.

ತರಬೇತಿಯಲ್ಲಿ ನಮಗೆ ಒಂದು ಸೂತ್ರ ಕಲಿಸಿದ್ದರು: ತಿಳಿದುದರಿಂದ ತಿಳಿಯದುದರ ಕಡೆಗೆ ಮಗುವನ್ನು ಒಯ್ಯಬೇಕು. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ಗಳಿಸಿದ್ದೆ. ಮಗುವಿಗೆ ಎಲ್ಲಕ್ಕಿಂತ ಮೊದಲು ತಿಳಿದಿರುವುದು ತನ್ನ ಮನೆಯ ಊಟ ಎಂಬುದು ಆ ಹೊಸ್ತಿಲ ಬಳಿ ಕುಳಿತಾಗ ಅರ್ಥವಾಯಿತು.

ಈಗ ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ಈ ಅಡುಗೆ ಆಗುತ್ತದೆ. ಒಳಮನೆಯ ಒಲೆಯಲ್ಲಿಯೇ. ತಂದೆಯವರ ಕಾಲದ ಆ ಬೇರೆ ಪಾತ್ರೆ ಹಟ್ಟಿಯ ಮಾಡಿನಲ್ಲಿ ಮಸಿ ಹಿಡಿದು ಕುಳಿತಿತ್ತು. ಕಳೆದ ವರ್ಷ ತಿಕ್ಕಿ ತೊಳೆದು ಒಳಗೆ ತಂದೆವು. ಮೊದಲ ದಿನ ನೆರೆಯವರು ಅಂಗಳದಿಂದಲೇ, "ಏನು ಮಾಷ್ಟ್ರೇ, ಒಳ್ಳೆಯ ಪರಿಮಳ, ಕೋಳಿಯೇ?" ಎಂದು ಕೇಳಿದರು. "ಅಲ್ಲ, ಹಂದಿ, ಬಟಾಟೆ ಹೆಚ್ಚು ಹಾಕಿದ್ದೇವೆ, ಬನ್ನಿ" ಎಂದಳು ನನ್ನ ಹೆಂಡತಿ. ಅವರು ಸ್ವಲ್ಪ ತಡೆದು, ಚಪ್ಪಲಿ ಬಿಟ್ಟು ಒಳಗೆ ಬಂದರು.

ನಿಮ್ಮ ಮನೆಯಲ್ಲಿ ಸ್ವಲ್ಪವನ್ನು ಬಹಳವಾಗಿಸುವ ಇಂತಹ ಅಡುಗೆ ಯಾವುದೆಂದು ಅಳತೆಸಹಿತ ಬರೆದು ಕಳುಹಿಸಿ. ಮುಂದಿನ ತಿಂಗಳು ಭೇಟಿಯಾಗೋಣ.